ಮಗ್ಗುಲು ಬದಲಿಸುವ ವಿದ್ಯೆ

ಸೊಲ್ಲಾಪುರದ ದೊಡ್ಡ ದವಾಖಾನೆಗಳ ಬಾಗಿಲಲ್ಲಿ ಇಳಿಹೊತ್ತಿಗೆ ನಿಂತು ನೋಡುವವರಿಗೆ, ಆ ದಿನ ಬಿಡುಗಡೆ ಹೊಂದಿದ ರೋಗಿಗಳನ್ನು ಮಲಗಿಸಿಕೊಂಡು ಅಕ್ಕಲಕೋಟೆ, ಮೈಂದರ್ಗಿ, ದುಧನಿಗಳ ಕಡೆಗೆ ಹೊರಡುವ ಜೀಪುಗಳಲ್ಲಿ ಒಂದು ವ್ಯವಸ್ಥೆ ತಪ್ಪದೆ ಕಂಡುಬರುವುದು: ಚಾಲಕನ ಪಕ್ಕದಲ್ಲಿ ಮಗನು ಎಕ್ಸ್‌ರೇ ಚಿತ್ರಗಳನ್ನೂ ಔಷಧದ ಚೀಟಿಗಳನ್ನೂ ತುಂಬಿದ ಫೈಲನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿರುವನು; ಹಿಂದೆ, ರೋಗಿಯ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಸೊಸೆ ಕುಳಿತಿರುವಳು. ವೈದ್ಯರು ಹೇಳಿದ ಮಾತೆಲ್ಲ ಮುಂದಿನ ಆಸನದಲ್ಲಿದೆ. ಆ ಮಾತಿನಂತೆ ನಡೆಯಬೇಕಾದ ಕೈಗಳು ಹಿಂದಿನ ಆಸನದಲ್ಲಿವೆ. ಇವೆರಡರ ನಡುವಣ ಅಂತರ ನಾಲ್ಕು ಗೇಣಿಗಿಂತ ಹೆಚ್ಚಿರಲಾರದು. ಆದರೂ ಸುಮಾರು ನಲವತ್ತು ಕಿಲೋಮೀಟರಿನ ದಾರಿ ಸವೆದು ಮನೆ ಮುಟ್ಟಿದ ಮೇಲೂ ಆ ಅಂತರ ಮಾತ್ರ ಸವೆಯದೆ ಉಳಿಯುವುದನ್ನು ನಾನು ನಮ್ಮ ಮನೆತನದಲ್ಲಿಯೇ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ವೈನಿಗೆ, ಎಂದರೆ ಹಿರಿಯಣ್ಣನ ಹೆಂಡತಿಗೆ, ಲಕ್ವಾ ಹೊಡೆಯಿತು. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯ ಮನೆ. ಬೆಳಗಿನ ಜಾವ ಒಲೆಯ ಮುಂದೆ ಕುಳಿತವಳು ಕುಳಿತಂತೆಯೇ ಬಲಕ್ಕೆ ವಾಲಿದಳು. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಸೊಲ್ಲಾಪುರದ ದವಾಖಾನೆಯಲ್ಲಿ ಹದಿನಾಲ್ಕು ದಿನ ಇದ್ದಳು. ಆ ದವಾಖಾನೆಯ ಹೆಸರು ಇಲ್ಲಿ ಬೇಡ. ಅಲ್ಲಿಯ ಚಿಕಿತ್ಸೆಯಲ್ಲಿ ಲೋಪವೇನೂ ಇರಲಿಲ್ಲ, ಪ್ರಾಣ ಉಳಿದುದು ಅವರಿಂದಲೇ. ಬಿಡುಗಡೆಯ ದಿನ ತರುಣ ವೈದ್ಯರೊಬ್ಬರು ಸೌಜನ್ಯದಿಂದ, ಮರಾಠಿಯಲ್ಲಿ, ಎಲ್ಲವನ್ನೂ ತಿಳಿಸಿದರು. ಅದರಲ್ಲಿ ಒಂದು ಮಾತು: ದರ ದೋನ್ ತಾಸಾಂನೀ ಕೂಸ ಬದಲಾಯಚೀ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸತಕ್ಕುದು ಎಂದು ಅದರ ಅರ್ಥ. ಮಗನು ತಲೆಯಾಡಿಸಿದನು, ಅವನ ಲಕ್ಷ್ಯ ಬಿಲ್ಲಿನ ಕಡೆಗಿತ್ತು, ಅದು ಸಹಜವೇ. ಹಿಂದೆ ನಿಂತಿದ್ದ ಸೊಸೆಯಾದರೋ ಆಳಂದದ ಕಡೆಯ ಹಳ್ಳಿಯಿಂದ ಬಂದವಳು, ಮರಾಠಿಯ ಗಂಧವಿಲ್ಲದವಳು, ಆದರೆ ಆ ವಾಕ್ಯದಲ್ಲಿ ಮೂರು ಮಾತುಗಳು ಅವಳ ಕಿವಿಗೆ ಸ್ಪಷ್ಟವಾಗಿ ಬಿದ್ದುವು: ತಾಸು, ಕೂಸು, ಬದಲು. ಅವಳ ಕಂಕುಳಲ್ಲಿ ಒಂಬತ್ತು ತಿಂಗಳ ಕೂಸೊಂದಿತ್ತು.

ಹತ್ತನೆಯ ದಿನ ನಾನು ಹಳ್ಳಿಗೆ ಹೋದಾಗ ಅಂಗಳದ ಹಗ್ಗದ ಮೇಲೆ ಕೂಸಿನ ಅರಿವೆಗಳು ಸಾಲುಸಾಲಾಗಿ ಒಣಗುತ್ತಿದ್ದುವು. ಒಳಗೆ ವೈನಿ ಅಂಗಾತ ಮಲಗಿದ್ದಳು. ಸೊಸೆ ತಂಬಿಗೆಯಲ್ಲಿ ನೀರು ತಂದಿಟ್ಟು ಅಂಜುತ್ತಂಜುತ್ತ ಕೇಳಿದಳು: “ಕಾಕಾ, ಡಾಕ್ಟರ್ ಹೇಳ್ಯಾರಂತ ಕೂಸಿನ ಅರಿವಿ ಎರಡೆರಡು ತಾಸಿಗೊಮ್ಮಿ ಬದ್ಲಸಾಕತ್ತೀನ್ರಿ. ಅತ್ತಿಗಿ ಅದರಿಂದ ಏನು ಗುಣಾ ಆಗ್ತದೋ, ಅದು ನನಗ ತಿಳೀವಲ್ದು.” ನಗಬೇಕೋ ಅಳಬೇಕೋ ತಿಳಿಯದೆ ನಾನು ವೈನಿಯನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿ ನೋಡಿದೆನು. ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವ ಎಡೆಯಲ್ಲಿ, ಅಂಗೈಯಗಲ ಚರ್ಮ ಕೆಂಪಡರಿ, ನಡುವೆ ಹುಣಿಸೆಬೀಜದಷ್ಟು ಜಾಗ ಕಪ್ಪಿಟ್ಟಿತ್ತು.

ಈ ಸೊಸೆಯಲ್ಲಿ ಶ್ರದ್ಧೆಯ ಕೊರತೆಯಿತ್ತೆಂದು ಯಾರೂ ಹೇಳಲಾರರು. ಅರ್ಥವಾಗದ ಆಜ್ಞೆಯನ್ನು ಹತ್ತು ದಿನ ಹಗಲಿರುಳು ಚಾಚೂ ತಪ್ಪದೆ ನಡೆಸಿದವಳು ಅವಳು. ಪ್ರೀತಿಯೊಂದಿದ್ದರೆ ಶುಶ್ರೂಷೆ ತಾನಾಗಿ ಬರುವುದೆಂದು ನಮ್ಮ ಸಮಾಜ ಬಹುಕಾಲದಿಂದ ನಂಬಿಕೊಂಡು ಬಂದಿದೆ. ನಮ್ಮ ಪ್ರಾಚೀನ ವೈದ್ಯಶಾಸ್ತ್ರ ಹಾಗೆ ನಂಬಿರಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ಭಿಷಜ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ರೋಗಿಯ ಬಳಿ ನಿಂತು ಉಪಚರಿಸುವವನು. ಅವನಲ್ಲಿ ಇರತಕ್ಕ ಗುಣಗಳೂ ನಾಲ್ಕು: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ಅನುರಾಗಕ್ಕೆ ಇಲ್ಲಿ ಸ್ಥಾನವಿಲ್ಲದಿಲ್ಲ, ಆದರೆ ಅದು ಮೂರನೆಯದು. ಮೊದಲನೆಯದು ಉಪಚಾರದ ತಿಳಿವು, ಎರಡನೆಯದು ಕೈಚಳಕ. ಈ ಅನುಕ್ರಮ ಆಕಸ್ಮಿಕವೆಂದು ಪಂಡಿತರು ಹೇಳಬಹುದು. ನನಗೆ ಮಾತ್ರ ಹಾಗೆ ತೋರುವುದಿಲ್ಲ. ನಾವು ಮನೆಯ ಹೆಣ್ಣುಮಕ್ಕಳಿಂದ ಮೂರನೆಯದನ್ನೂ ನಾಲ್ಕನೆಯದನ್ನೂ ಧಾರಾಳವಾಗಿ ಅಪೇಕ್ಷಿಸಿ, ಮೊದಲಿನ ಎರಡನ್ನು ಕಲಿಸುವ ಹೊಣೆಯನ್ನು ಯಾರ ಮೇಲೂ ಹೊರಿಸದೆ ಬಿಟ್ಟಿದ್ದೇವೆ.

ಅಕ್ಕಲಕೋಟೆಯ ಸೀಮೆಯಲ್ಲಿ ಈ ಕೊರತೆಗೆ ಇನ್ನೊಂದು ಕೊರತೆ ಕೂಡಿಕೊಂಡಿದೆ. ಭೋಸಲೆ ಮನೆತನದ ಆಳ್ವಿಕೆಯಲ್ಲಿದ್ದ ಈ ಚಿಕ್ಕ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಮಹಾರಾಷ್ಟ್ರದ ಪಾಲಿಗೆ ಬಂದಿತು. 1967ರ ಮಹಾಜನ ವರದಿ ಇದನ್ನು ಕರ್ನಾಟಕಕ್ಕೆ ಸೇರಿಸತಕ್ಕುದೆಂದು ಸೂಚಿಸಿದರೂ ಆ ಸೂಚನೆ ಕಾಗದದಲ್ಲಿಯೇ ಉಳಿಯಿತು. ಆ ವಾದವನ್ನು ಇಲ್ಲಿ ಕೆದಕುವುದು ನನ್ನ ಉದ್ದೇಶವಲ್ಲ. ಗೆರೆ ಎಲ್ಲಿಯೇ ಬೀಳಲಿ, ಹೆಣ್ಣು ಕೊಟ್ಟು ತರುವ ವ್ಯವಹಾರ ಆ ಗೆರೆಯನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂಬುದಷ್ಟೇ ನಾನು ಹೇಳತಕ್ಕ ಮಾತು. ಇಂಡಿ, ಅಫಜಲಪುರ, ಆಳಂದಗಳಿಂದ ಸೊಸೆಯಂದಿರು ಇತ್ತ ಬರುತ್ತಾರೆ. ಇಲ್ಲಿಯ ಮಗಳಂದಿರು ಅತ್ತ ಹೋಗುತ್ತಾರೆ. ಗಂಡಸರು ಸಂತೆ, ಕಚೇರಿ, ಗಿರಣಿಗಳ ದೆಸೆಯಿಂದ ಮರಾಠಿಯನ್ನು ಬಲ್ಲರು. ಇಲ್ಲಿಯೇ ಹುಟ್ಟಿದ ಹೆಂಗಸರೂ ತಕ್ಕಮಟ್ಟಿಗೆ ಬಲ್ಲರು. ಅರಿಯದವಳೆಂದರೆ ಹೊರಗಿನಿಂದ ಬಂದ ಸೊಸೆ. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ಆ ಹಾಸಿಗೆಯ ಪೂರ್ಣ ಹೊಣೆ ಬೀಳುವುದೂ ಅವಳ ಮೇಲೆಯೇ.

ಕನ್ನಡ ಇಲ್ಲಿ ಪರದೇಶಿಯಲ್ಲ. ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆಯ ದಂಡೆಯ ಊರಿದು, 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದುದು ಈ ಸೊಲ್ಲಾಪುರದಲ್ಲಿಯೇ. 1974ರ ಮಂಡ್ಯ ಸಮ್ಮೇಳನದಲ್ಲಿ ಆ ಪೀಠವನ್ನೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರು ಹುಟ್ಟಿ ಬೆಳೆದುದೂ ಇಲ್ಲಿಯೇ. ಅವರು ಶಾಲೆಯಲ್ಲಿ ಓದಿದುದು ಮರಾಠಿ, ಮನೆಯಲ್ಲಿ ಸಾಧಿಸಿದುದು ಕನ್ನಡ. ಇಂದಿಗೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಯುತ್ತಿವೆ. ಪುಣೆಯ ಬಾಲಭಾರತಿ ಸಂಸ್ಥೆ ಅವುಗಳಿಗೆ ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಮುದ್ರಿಸಿ ಕಳಿಸುತ್ತದೆ. ಹತ್ತು ವರ್ಷದ ಹುಡುಗಿಗೆ ಗಣಿತವನ್ನು ಅವಳ ಭಾಷೆಯಲ್ಲಿ ಕಲಿಸಬೇಕೆಂಬ ವಿವೇಕ ಸರಕಾರಕ್ಕೆ ಉಂಟು. ಅವಳ ತಾಯಿಗೆ ಅತ್ತೆಯ ಬೆನ್ನುಹುಣ್ಣನ್ನು ತಡೆಯುವ ಬಗೆಯನ್ನು ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಪ್ರಶ್ನೆ ಇನ್ನೂ ಯಾರ ಮೇಜಿನ ಮೇಲೂ ಬಂದಂತೆ ಕಾಣೆ.

ನಮ್ಮ ವೈನಿಯ ಪುಣ್ಯವೋ ಸೊಸೆಯ ಪುಣ್ಯವೋ, ಪಕ್ಕದ ಊರಲ್ಲಿ ನಿವೃತ್ತರಾದ ಸಿಸ್ಟರೊಬ್ಬರಿದ್ದರು. ಮೂವತ್ತು ವರ್ಷ ದಾದಿಯಾಗಿ ದುಡಿದು, ಈಗ ಹೊಲ ನೋಡಿಕೊಂಡಿದ್ದವರು, ಮನೆಮಾತು ಕನ್ನಡ. ಕರೆದೊಡನೆ ಬಂದರು. ಅವರು ಕಲಿಸಿದ ರೀತಿಯನ್ನು ನಾನು ಹತ್ತಿರದಿಂದ ನೋಡಿದವನಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಲೇಖನದ ಉಳಿದ ಭಾಗ ಇದಕ್ಕಿಂತ ಉಪಯುಕ್ತವಾಗಿರುವುದೆಂದು ನಾನು ಆಣೆ ಮಾಡಲಾರೆ.

ಮೊದಲು ಅವರು ಮಂಚದ ಮೇಲಿದ್ದ ರಬ್ಬರಿನ ಗಾಳಿ ಟ್ಯೂಬನ್ನು ಎತ್ತಿ ಹೊರಗಿಟ್ಟರು. ಅದನ್ನು ಮಗನು ಹಣ ಕೊಟ್ಟು ಕಕ್ಕುಲತೆಯಿಂದ ತಂದಿದ್ದನು. ಹುಣ್ಣಿನ ಜಾಗ ಟ್ಯೂಬಿನ ತೂತಿನಲ್ಲಿ ತೂಗಿದರೆ ಭಾರ ಬೀಳದೆಂಬುದು ಅವನ ತರ್ಕ. ಆದರೆ ಆ ಬಳೆಯ ಅಂಚು ಸುತ್ತಲಿನ ಚರ್ಮವನ್ನು ಒತ್ತಿ, ನಡುವಿನ ಮಾಂಸಕ್ಕೆ ಹರಿಯಬೇಕಾದ ರಕ್ತವನ್ನೇ ತಡೆಯುವುದೆಂದು ಸಿಸ್ಟರು ವಿವರಿಸಿದರು. ಬಳಿಕ ಸೊಸೆಯ ಬೆರಳನ್ನು ಹಿಡಿದು ಕೆಂಪಾದ ಚರ್ಮದ ಮೇಲೆ ಒತ್ತಿಸಿ ತೆಗೆಸಿದರು. “ಒತ್ತಿದ ಕೂಡ್ಲೆ ಬಿಳೀ ಆಗಿ ಮತ್ತ ಕೆಂಪ ಆತು ಅಂದ್ರ ಇನ್ನೂ ರಕ್ತ ಓಡಾಡಾಕತ್ತದ. ಬಿಳೀನ ಆಗ್ಲಿಲ್ಲ ಅಂದ್ರ ಒಳಗ ಹುಣ್ಣು ಸುರು ಆಗೇದಂತ ತಿಳ್ಕೋ.” ಅಲ್ಲಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದುದನ್ನು ನಿಲ್ಲಿಸಿದರು, ತಿಕ್ಕಿದರೆ ಮೊದಲೇ ಸೋತ ಮಾಂಸ ಇನ್ನಷ್ಟು ಹರಿಯುವುದು. ಕಪ್ಪಿಟ್ಟ ಜಾಗವನ್ನು ಡಾಕ್ಟರಿಗೆ ತೋರಿಸಲೇಬೇಕೆಂದರು, ಅಂದೇ ತೋರಿಸಿದೆವು.

ಮಗ್ಗುಲು ಬದಲಿಸುವುದಕ್ಕೆ ಅವರು ಕೇಳಿದ ಸಾಧನ ಸೊಲ್ಲಾಪುರದ ಚಾದರ. ಈ ಊರ ಮಗ್ಗಗಳ ಕೀರ್ತಿಯನ್ನು ದೇಶದ ತುಂಬ ಹರಡಿದ ಆ ದಪ್ಪ ಚಾದರ ನಮ್ಮ ಪ್ರತಿ ಮನೆಯಲ್ಲಿಯೂ ನಾಲ್ಕಾರು ಇರುವುದು. ಅದಕ್ಕೆ ಹೊದಿಕೆಯಲ್ಲದೆ ಇನ್ನೊಂದು ಉಪಯೋಗವಿದೆಯೆಂದು ನಾನು ಅಲ್ಲಿಯವರೆಗೆ ಅರಿತಿರಲಿಲ್ಲ. ಸಿಸ್ಟರು ಅದನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಬರುವಂತೆ ವೈನಿಯ ಕೆಳಗೆ ಹಾಸಿದರು. ಚಾದರದ ನೆಯ್ಗೆ ಒರಟಾದುದರಿಂದ ಮೈಗೆ ತಾಗದಿರಲೆಂದು ಅದರ ಮೇಲೆ ಅಣ್ಣನ ಹಳೆಯ ಧೋತರವನ್ನು ಸುಕ್ಕಿಲ್ಲದಂತೆ ಎಳೆದು ಹಾಕಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ನಿಂತು, ಚಾದರದ ಅಂಚನ್ನು ಮೈಯ ಸಮೀಪದವರೆಗೆ ಸುರುಳಿ ಸುತ್ತಿ ಹಿಡಿದು, ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೆ ಎತ್ತಿ ಮೇಲಕ್ಕೆ ಸರಿಸಬೇಕು. ಎಳೆಯಬಾರದು, ಎತ್ತಬೇಕು, ಎಳೆದಾಗ ಮೇಲಿನ ಚರ್ಮ ಹಾಸಿಗೆಗೆ ಕಚ್ಚಿಕೊಂಡು ಒಳಗಿನ ಎಲುಬು ಮಾತ್ರ ಸರಿಯುವುದು, ಹುಣ್ಣಿನ ಬೀಜ ಬೀಳುವುದೇ ಆ ಕ್ಷಣದಲ್ಲಿ. ಗಂಡನಿಲ್ಲದ ಹಗಲಿನಲ್ಲಿ ಒಬ್ಬಳೇ ಹೊರಳಿಸುವ ಬಗೆ ಬೇರೆ: ಯಾವ ಕಡೆಗೆ ಹೊರಳಿಸಬೇಕೋ ಆ ಕಡೆ ನಿಂತು, ಆಚೆಯ ಮೊಣಕಾಲನ್ನು ಮಡಿಸಿ, ಕೈಗಳನ್ನು ಎದೆಯ ಮೇಲಿರಿಸಿ, ಒಂದು ಕೈ ಆಚೆಯ ಭುಜದ ಮೇಲೆ, ಇನ್ನೊಂದು ಆಚೆಯ ಸೊಂಟದ ಮೇಲೆ ಇಟ್ಟು ತನ್ನತ್ತ ತಂದುಕೊಳ್ಳುವುದು. ಬೆನ್ನಿಗೊಂದು ಮಡಿಚಿದ ಕೌದಿ ಆನಿಕೆ. ಎರಡು ಮೊಣಕಾಲುಗಳ ನಡುವೆ ಒಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಕೆಳಗೊಂದು ದಿಂಬು, ಹಿಮ್ಮಡಿ ಹಾಸಿಗೆಯನ್ನು ಮುಟ್ಟದೆ ಗಾಳಿಯಲ್ಲಿ ತೇಲುವಂತೆ. ಬಿದ್ದ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಜಾರುವುದು. ಆದುದರಿಂದ ಆ ಕೈಯನ್ನು ಮುಟ್ಟಿದಾಗಲೆಲ್ಲ ಮೊಣಕೈಯ ಕೆಳಗೂ ಆಧಾರವಿರಬೇಕು. ಕುಪ್ಪಸ ತೊಡಿಸುವಾಗ ಸೋತ ತೋಳು ಮೊದಲು; ಬಿಚ್ಚುವಾಗ ಸೋತ ತೋಳು ಕೊನೆಗೆ.

ಅನಂತರ ಊಟದ ವಿಷಯ. ಅಲ್ಲಿಯವರೆಗೆ ಸೊಸೆ ಮಲಗಿದ ಅತ್ತೆಯ ಬಾಯಲ್ಲಿ ಹಾಲನ್ನು ಒಳಲೆಯಿಂದೆಂಬಂತೆ ಬಟ್ಟಲಿನಿಂದ ಹನಿಸುತ್ತಿದ್ದಳು, ಕೂಸಿಗೆ ಮಾಡಿದಂತೆಯೇ, ವೈನಿ ಕೆಮ್ಮುತ್ತಿದ್ದಳು. ಆ ಕೆಮ್ಮು ಶೀತದ್ದಲ್ಲ, ಹಾಲು ಶ್ವಾಸನಾಳದ ಕಡೆಗೆ ಹಾದಿ ತಪ್ಪುತ್ತಿರುವ ಸೂಚನೆಯೆಂದು ಸಿಸ್ಟರು ಎಚ್ಚರಿಸಿದರು. ಲಕ್ವಾ ಹೊಡೆದವರನ್ನು ಎಷ್ಟೋ ಸಲ ಕೊಲ್ಲುವುದು ಲಕ್ವಾ ಅಲ್ಲ, ಹೀಗೆ ಪುಪ್ಪುಸಕ್ಕಿಳಿದ ಅನ್ನನೀರಿನಿಂದ ಏಳುವ ನ್ಯುಮೋನಿಯಾ. ನೆಟ್ಟಗೆ ಕೂರಿಸಿ, ಗದ್ದವನ್ನು ಸ್ವಲ್ಪ ಎದೆಯತ್ತ ಬಾಗಿಸಿ, ಚಿಕ್ಕ ಚಮಚೆಯಲ್ಲಿ, ಸೋಲದ ಎಡಗೆನ್ನೆಯ ಕಡೆಯಿಂದ ಉಣಿಸಬೇಕು; ಒಂದು ತುತ್ತು ಇಳಿದು ಗಂಟಲು ಏರಿಳಿದುದನ್ನು ಕಣ್ಣಾರೆ ಕಂಡ ಮೇಲೆ ಇನ್ನೊಂದು; ಉಂಡ ಮೇಲೆ ಅರ್ಧ ತಾಸು ಕುಳಿತೇ ಇರಬೇಕು. ತೆಳ್ಳಗಿನ ನೀರಿಗಿಂತ ಮಂದವಾದುದು ನುಂಗಲು ಸುಲಭ. ಇದನ್ನು ಕೇಳಿ ಸೊಸೆಯ ಮುಖ ಅರಳಿತು. ಜೋಳದ ಗಂಜಿಯನ್ನು ಯಾವ ಹದಕ್ಕೆ ಬೇಕಾದರೂ ತರುವ ವಿದ್ಯೆ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಂಜಿಯೂ ಗಂಟಲಿಗೆ ಒಗ್ಗದೆ ಕೆಮ್ಮು ಬಂದರೆ ಬಾಯಿಯಿಂದ ಕೊಡುವುದನ್ನು ನಿಲ್ಲಿಸಿ ಡಾಕ್ಟರ ಬಳಿ ಹೋಗತಕ್ಕುದೆಂಬ ಎಚ್ಚರಿಕೆಯನ್ನು ಮಾತ್ರ ಸಿಸ್ಟರು ಮೂರು ಸಲ ಹೇಳಿದರು.

ಎರಡು ಮಧ್ಯಾಹ್ನಗಳಲ್ಲಿ ಇಷ್ಟೂ ಮುಗಿಯಿತು. ಔಷಧವಿಲ್ಲ, ಯಂತ್ರವಿಲ್ಲ. ಹೇಳಿದರು, ಮಾಡಿ ತೋರಿಸಿದರು, ಮಾಡಿಸಿದರು. ತಪ್ಪಿದಾಗ ಕೈಹಿಡಿದು ತಿದ್ದಿದರು. ಈ ವಿದ್ಯೆ ಗಹನವಾದುದಲ್ಲ, ಆದರೆ ಕೈಯಿಂದ ಕೈಗೆ ದಾಟತಕ್ಕದ್ದು. ರೊಟ್ಟಿ ಬಡಿಯುವುದನ್ನು ಬಿಡುಗಡೆಯ ಚೀಟಿಯಲ್ಲಿ ಬರೆದುಕೊಟ್ಟರೆ ಯಾರಿಗೆ ಬಂದೀತು?

ಹೀಗೆ ಕಲಿಸುವ ಪ್ರಯತ್ನಗಳು ಲೋಕದಲ್ಲಿ ನಡೆದಿಲ್ಲವೆಂದಲ್ಲ. ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪ್ರಸಿದ್ಧ ಕಿರುಹೊತ್ತಗೆಯನ್ನು ವೃತ್ತಿಯ ದಾದಿಯರಿಗಾಗಿ ಬರೆಯಲಿಲ್ಲ, ಮನೆಯಲ್ಲಿ ಮತ್ತೊಬ್ಬರ ಆರೋಗ್ಯದ ಹೊಣೆ ಹೊತ್ತ ಸಾಮಾನ್ಯ ಸ್ತ್ರೀಯರಿಗಾಗಿ ಬರೆದಳು. ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಮೊದಲಾದ ಉಪಶಾಮಕ ಚಿಕಿತ್ಸೆಯ ಆಂದೋಲನ ಊರೂರ ಸ್ವಯಂಸೇವಕರನ್ನು ತರಬೇತುಗೊಳಿಸಿ ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಕಳಿಸಿತು. 2008ರಲ್ಲಿ ಆ ರಾಜ್ಯ ಅದನ್ನೇ ಸರಕಾರಿ ನೀತಿಯಾಗಿ ಸ್ವೀಕರಿಸಿತು. ನಮಗೆ ಇನ್ನೂ ಸಮೀಪದ ಗೋವೆಯಲ್ಲಿ ಮರೆವಿನ ರೋಗದವರಿದ್ದ 81 ಕುಟುಂಬಗಳ ನಡುವೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಮನೆಮನೆಗೆ ಹೋಗಿ ಕಲಿಸಿದವರು ದೊಡ್ಡ ವೈದ್ಯರಲ್ಲ, ಅದೇ ಊರಿನ, ಅದೇ ಮಾತಿನ, ಅಲ್ಪಕಾಲದ ತರಬೇತು ಪಡೆದ ಜನ. ಉಪಚರಿಸುವವರ ಮನಸ್ಸಿನ ಬಳಲಿಕೆ ಅದರಿಂದ ಕಡಮೆಯಾದುದು ಕಂಡುಬಂದಿತು. ಬೆಂಗಳೂರಿನ ನಾರಾಯಣ ಹೃದಯಾಲಯದ ವಾರ್ಡುಗಳಲ್ಲಿ ಮೊದಲಾದ ನೂರಾ ಹೆಲ್ತ್ ಎಂಬ ಸಂಸ್ಥೆಯ ಪದ್ಧತಿ ನನಗೆ ಬಹಳ ಹಿಡಿಸಿದುದು: ರೋಗಿ ಒಳಗಿರುವಾಗ ಮನೆಯವರು ಹೊರಗೆ ಕಾರಿಡಾರಿನಲ್ಲಿ ಮಾಡುವುದಕ್ಕೇನೂ ಇಲ್ಲದೆ ತಾಸುಗಟ್ಟಲೆ ಕುಳಿತಿರುತ್ತಾರೆ, ಆ ಕಾಯುವ ಹೊತ್ತನ್ನೇ ತರಗತಿಯನ್ನಾಗಿ ಮಾಡಿ, ದಾದಿಯರಿಂದಲೇ ಅವರಿಗೆ ಪಾಠ ಹೇಳಿಸುವುದು. ಈ ಕ್ರಮ ಕರ್ನಾಟಕದ ಸರಕಾರಿ ಆಸ್ಪತ್ರೆಗಳಿಗೂ ಹಬ್ಬಿದೆ. ಸೊಲ್ಲಾಪುರದ ಜನ ಸಿವ್ಹಿಲ್ ಎಂದು ಕರೆಯುವ ಸರಕಾರಿ ಆಸ್ಪತ್ರೆಯ ಅಂಗಳದಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತವರನ್ನು ಕಂಡಾಗಲೆಲ್ಲ, ಅವರಲ್ಲಿ ಅರ್ಧಕ್ಕರ್ಧ ಮಂದಿಯ ಮಾತು ಕನ್ನಡವಾಗಿರುವುದನ್ನು ಕೇಳಿದಾಗಲೆಲ್ಲ, ಈ ಪದ್ಧತಿಯ ನೆನಪಾಗದೆ ಇರುವುದಿಲ್ಲ.

ಕನ್ನಡದಲ್ಲಿ ವೈದ್ಯಸಾಹಿತ್ಯಕ್ಕೆ ಬರಗಾಲವೇನೂ ಇಲ್ಲ. ನಮ್ಮ ನೆರೆಯ ಕಲಬುರಗಿಯಲ್ಲಿಯೇ ಡಾ. ಪಿ. ಎಸ್. ಶಂಕರ್ ಅವರು ಆಧುನಿಕ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತರುವುದರಲ್ಲಿ ಆಯುಷ್ಯವನ್ನು ಸವೆಸಿದರು, ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಬರೆದ ಪುಸ್ತಕಗಳು ಹಳ್ಳಿಯ ವಾಚನಾಲಯಗಳಲ್ಲಿಯೂ ಸಿಗುವುವು. ಇವು ಬೆಲೆಯುಳ್ಳವು. ಆದರೆ ಬಹುಪಾಲು ಪುಸ್ತಕಗಳು ರೋಗವನ್ನು ವಿವರಿಸುವುವು. ರೋಗಿಯನ್ನು ಎತ್ತುವ ಬಗೆಯನ್ನು ಹೇಳುವುದು ವಿರಳ. ಡಾ. ಅನುಪಮಾ ನಿರಂಜನರ ‘ತಾಯಿ–ಮಗು’ ಎಷ್ಟೋ ತವರುಮನೆಗಳಿಂದ ಬಳುವಳಿಯಾಗಿ ಹೋದ ಪುಸ್ತಕ. ಹೆರಿಗೆಗೂ ಹಸುಗೂಸಿಗೂ ಇಂಥ ಕೈಪಿಡಿ ಬೇಕೆಂದು ನಾವು ಒಪ್ಪಿಕೊಂಡಷ್ಟು ಸಹಜವಾಗಿ ಮುಪ್ಪಿಗೂ ಒಂದು ಬೇಕೆಂದು ಒಪ್ಪಿಕೊಂಡಿಲ್ಲ. ಅದರ ಜೋಡಿಗೆ ‘ಅತ್ತೆ–ಸೊಸೆ’ ಎಂಬ ಹೆಸರಿನ ಪುಸ್ತಕವೊಂದು ಬಂದರೆ ಜನ ಅದನ್ನು ಕಾದಂಬರಿಯೆಂದೇ ತಿಳಿದು ಕೊಂಡಾರು, ಚಿಂತೆಯಿಲ್ಲ.

ಕಾಯಿದೆಯ ಮಾತನ್ನು ಬೇಗನೆ ಮುಗಿಸುತ್ತೇನೆ. 2007ರ ಶಾಸನ ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಕಾನೂನುಬದ್ಧ ಹೊಣೆಯನ್ನಾಗಿ ಮಾಡಿತು. ಜೀವನಾಂಶ ಕೊಡಿಸುವುದಕ್ಕೆ ನ್ಯಾಯಾಧಿಕರಣಗಳನ್ನೂ ನಿರ್ಮಿಸಿತು. 2010ರಲ್ಲಿ ಮೊದಲಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರು ಹೋಗಬೇಕೆಂದೂ ಮನೆಯವರಿಗೆ ಆರೈಕೆಯನ್ನು ಕಲಿಸಬೇಕೆಂದೂ ಇದೆ. 2011ರ ಜನಗಣತಿಯ ಹೊತ್ತಿಗೇ ಅರವತ್ತು ದಾಟಿದವರ ಸಂಖ್ಯೆ ದೇಶದಲ್ಲಿ 10 ಕೋಟಿಯನ್ನು ಮೀರಿತ್ತು. ಹಳ್ಳಿಯ ಆಶಾ ಕಾರ್ಯಕರ್ತೆಯ ಹೆಗಲ ಚೀಲದಲ್ಲಿ ಬಸಿರು, ಬಾಣಂತಿ, ಲಸಿಕೆ, ಕ್ಷಯಗಳ ವಹಿಗಳು ಮೊದಲೇ ತುಂಬಿರುವಾಗ ಮುಪ್ಪಿನ ವಹಿ ಅಡಿಯಲ್ಲೆಲ್ಲೋ ಸೇರಿಕೊಂಡಿದ್ದರೆ ಅವಳನ್ನು ದೂರುವಂತಿಲ್ಲ. ಹಿರಿಯ ನಾಗರಿಕರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ. ಮನಸ್ಸಿನ ಕಷ್ಟಗಳಿಗಾಗಿ 2022ರ ಅಕ್ಟೋಬರ್ 10ರಂದು ಮೊದಲಾದ ಟೆಲಿಮಾನಸ್‌ನ ಸಂಖ್ಯೆ 14416. ಅದು ರೋಗಿಗೆ ಮಾತ್ರವಲ್ಲ, ರೋಗಿಯ ಬಳಿ ಕುಳಿತು ಬಳಲಿದವರಿಗೂ ಸಲ್ಲುವುದು, ಮತ್ತು ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಎರಡು ಸಂಖ್ಯೆಗಳನ್ನೂ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಮುಪ್ಪಿನ ಮರೆವಿನಲ್ಲಿ ಭಾಷೆಯ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದುರಾಗುವುದು. ನಮ್ಮ ಜನ ಅರಳು ಮರಳೆಂದು ಹೇಳಿ ಸುಮ್ಮನಾಗುವ ಅವಸ್ಥೆಯನ್ನು ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಭಾರತದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಏಳು ಮಂದಿಗಿಂತ ಹೆಚ್ಚು ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಸೊಲ್ಲಾಪುರದಲ್ಲಿ ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದರು. 1877ರಲ್ಲಿ ಮೊದಲ ಗಿರಣಿ ಎದ್ದಂದಿನಿಂದ ಈ ಊರು ಗಿರಣಿಯ ಭೋಂಗಾದ ಲೆಕ್ಕದಲ್ಲಿ ಏಳುತ್ತ ಮಲಗುತ್ತ ಬಂದ ಊರು. ಅವರೂ ಮೂವತ್ತೈದು ವರ್ಷ ಅದರ ಕೂಗಿಗೆ ಎದ್ದವರು. ಗಿರಣಿಯಲ್ಲಿ ಮರಾಠಿ, ನೆರೆಯ ಪದ್ಮಸಾಲಿಗಳೊಡನೆ ತೆಲುಗು, ಮನೆಯಲ್ಲಿ ಕನ್ನಡ. ಮರೆವು ಬಂದಾಗ ಅವರು ಕಳೆದುಕೊಂಡುದು ಕಲಿತ ಕ್ರಮಕ್ಕೆ ತಿರುಗುಮುರುಗಾಗಿ: ಮೊದಲು ತೆಲುಗು ಹೋಯಿತು, ಬಳಿಕ ಮರಾಠಿ ಹೋಯಿತು, ಕೊನೆಗೆ ಉಳಿದುದು ಹುಟ್ಟೂರಿನ ಕನ್ನಡ. ಇತ್ತ ಮೊಮ್ಮಕ್ಕಳಿಗೆ ಇಂಗ್ಲಿಷು ಮರಾಠಿಗಳ ಹೊರತು ಬೇರೆ ಬಾರದು. ಒಂದೇ ಸೂರಿನ ಕೆಳಗೆ ಅಜ್ಜನೂ ಮೊಮ್ಮಗನೂ ದುಭಾಷಿಯಿಲ್ಲದೆ ಮಾತಾಡಲಾರದ ಸ್ಥಿತಿ ಬಂದಿತು. ಹಲವು ಭಾಷೆಗಳ ಬಳಕೆಯಿಂದ ಲಾಭವೂ ಉಂಟೆಂದು ಹೇಳದಿದ್ದರೆ ಅನ್ಯಾಯವಾದೀತು: ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಭಾಷೆ ಬಲ್ಲವರಲ್ಲಿ ಮರೆವಿನ ರೋಗ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು, ಅಕ್ಷರ ಬಾರದವರಲ್ಲಿಯೂ ಹಾಗೆಯೇ. ಸೊಲ್ಲಾಪುರದ ಗಲ್ಲಿಗಳು ತಮ್ಮ ಜನರಿಗೆ ಅಷ್ಟು ವರ್ಷಗಳ ಬೆಳಕನ್ನು ಕಾಣಿಕೆಯಾಗಿ ಕೊಟ್ಟಿರಬಹುದೆಂದು ನಾನು ಊಹಿಸಿಕೊಂಡು ಸಂತೋಷಪಡುವುದುಂಟು.

ಆ ಹಿರಿಯರು ನಸುಕಿನಲ್ಲಿಯೇ ಎದ್ದು ಅಂಗಿ ತೊಟ್ಟು ಗಿರಣಿಗೆ ಹೊರಡುತ್ತಿದ್ದರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಗನು ಬಾಗಿಲಿಗೆ ಅಡ್ಡ ನಿಂತು ಗಿರಣಿ ಇಲ್ಲವೆಂದು ದಿನಾಲೂ ವಾದಿಸುತ್ತಿದ್ದನು. ದಿನಾಲೂ ಅವರಿಗೆ ಅದು ಹೊಸ ಸುದ್ದಿ, ಹೊಸ ಆಘಾತ. ಕೂಗಾಟ, ಕೈಕೈ ಮಿಲಾಯಿಸುವವರೆಗೂ ಹೋಗುತ್ತಿತ್ತು. ಇಂಡಿಯಿಂದ ಬಂದ ಮಗಳು ನಾಲ್ಕು ದಿನ ಇದ್ದು ಇದನ್ನು ನೋಡಿದಳು. ಐದನೆಯ ದಿನ ಅವಳೇ ಬಾಗಿಲಿಗೆ ಬಂದು, “ಅಪ್ಪಾ, ಇವತ್ತ ಸುಟ್ಟಿ ಅದ. ಚಹಾ ಕುಡದು ಹಿಂದಾಗಡೆ ಹೋಗೂಣು ಬಾ” ಎಂದಳು. ಸುಟ್ಟಿ ಎಂದೊಡನೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತರು. ಮರೆವಿನ ರೋಗಿಯೊಡನೆ ವಾದಿಸದೆ, ಅವನಿರುವ ಕಾಲಕ್ಕೆ ಹೋಗಿ ಅಲ್ಲಿಂದ ಅವನನ್ನು ಮೆಲ್ಲಗೆ ಬೇರೆ ಕಡೆಗೆ ತಿರುಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಆರೈಕೆದಾರರಿಗಾಗಿ ಸಿದ್ಧಪಡಿಸಿದ ಐಸಪೋರ್ಟ್ ಮುಂತಾದ ಪಾಠಕ್ರಮಗಳು ಹಲವು ಪುಟಗಳಲ್ಲಿ ಬೋಧಿಸುವುದನ್ನು ಅವಳು ಒಂದು ಮಾತಿನಲ್ಲಿ ಸಾಧಿಸಿದಳು. ಎಲ್ಲರಿಗೂ ಹೀಗೆ ಹೊಳೆಯದು. ಅದಕ್ಕಾಗಿಯೇ ಪಾಠಕ್ರಮಗಳು ಬೇಕು. ಆದರೆ ಅವುಗಳನ್ನು ಕನ್ನಡಕ್ಕೆ ತರುವವರು ಆ ‘ಸುಟ್ಟಿ’ಯನ್ನು ಹುಡುಕಬಲ್ಲವರಾಗಿರಬೇಕು, ರಜಾದಿನವೆಂದು ಹೇಳಿದ್ದರೆ ಆ ಮುದುಕರು ಬಾಗಿಲು ದಾಟಿಯೇ ಹೋಗುತ್ತಿದ್ದರು.

ಈ ಊರಿನಲ್ಲಿ ಹುಟ್ಟಿ 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆಯಲ್ಲಿ 1942ರಲ್ಲಿ ಮೂವತ್ತೆರಡರ ಪ್ರಾಯದಲ್ಲಿಯೇ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸರನ್ನು ಸೊಲ್ಲಾಪುರ ಅಭಿಮಾನದಿಂದ ನೆನೆಯುತ್ತದೆ. ಅವರ ಶಸ್ತ್ರಚಿಕಿತ್ಸೆಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವರು ಅಲ್ಲಿಯ ಭಾಷೆಯನ್ನು ಓದಿ ಬರೆಯುವಷ್ಟು ಕಲಿತರೆಂಬ ಸಂಗತಿ ನನಗೆ ಅದಕ್ಕಿಂತ ಕಡಮೆಯದಾಗಿ ತೋರುವುದಿಲ್ಲ.

ಉಪಚರಿಸುವವಳ ನಿದ್ರೆಯ ಮಾತೊಂದು ಉಳಿಯಿತು. ಎರಡು ತಾಸಿಗೊಮ್ಮೆ ಎಂದರೆ ಹಗಲಿಗೆ ಆರು ಸಲ, ರಾತ್ರಿಗೆ ಆರು ಸಲ. ಮೊಲೆಯೂಡಿಸುವ ತಾಯಿ ಆ ಆರನ್ನೂ ಒಬ್ಬಳೇ ನಡೆಸಿದರೆ ಒಂದು ತಿಂಗಳಲ್ಲಿ ಆ ಮನೆಯಲ್ಲಿ ಇಬ್ಬರು ರೋಗಿಗಳಾಗುವರು. ಸಿಸ್ಟರು ಇದನ್ನು ಹೇಳಿದುದು ಸೊಸೆಗಲ್ಲ, ಮಗನಿಗೆ. ನನ್ನ ಸಮಕ್ಷಮದಲ್ಲಿ, ಸ್ವಲ್ಪ ಗದರಿಕೆಯಿಂದಲೇ. ಹನ್ನೆರಡರ ಸರದಿಯೂ ಎರಡರ ಸರದಿಯೂ ಅಂದಿನಿಂದ ಅವನ ಪಾಲಿಗೆ ಬಂದುವು. ಗಂಡಸು ತಾಯಿಯನ್ನು ಹೊರಳಿಸುವುದೇ, ಸೀರೆ ಸರಿಪಡಿಸುವುದೇ ಎಂದು ನೆರೆಯವರು ಆಡಿಕೊಂಡರಂತೆ. ಆಡಿಕೊಂಡವರು ಯಾರೂ ರಾತ್ರಿ ಎರಡಕ್ಕೆ ಎದ್ದು ಬರಲಿಲ್ಲ.

ಸರದಿಯ ಲೆಕ್ಕ ತಪ್ಪದಂತೆ ನೋಡಿಕೊಂಡವಳು ಹತ್ತು ವರ್ಷದ ಮೊಮ್ಮಗಳು. ಅವಳು ಊರ ಕನ್ನಡ ಶಾಲೆಯ ನಾಲ್ಕನೆಯ ತರಗತಿ. ಗೋಡೆಯ ಮೊಳೆಗೆ ತೂಗುತ್ತಿದ್ದ ಹಳೆಯ ಮರಾಠಿ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಬೆನ್ನ ಮೇಲೆ ಪಟ್ಟಿ ಹಿಡಿದು ಗೆರೆ ಎಳೆದು, ತಾಸುಗಳನ್ನು ಬರೆದು, ಒಂದೊಂದರ ಮುಂದೆಯೂ ‘ಎಡ’, ‘ಬೆನ್ನು’, ‘ಬಲ’ ಎಂದು ದುಂಡಗೆ ಬರೆದಳು. ‘ಬಲ’ದ ಎದುರಿಗೆ ‘ಸ್ವಲ್ಪ ಹೊತ್ತು, ಭುಜ ಸಂಭಾಳಿಸಿ’ ಎಂದು ಸಿಸ್ಟರು ಬರೆಯಿಸಿದರು. ಹೊರಳಿಸಿದವರು ಅದರ ಮುಂದೆ ಗುರುತು ಹಾಕಬೇಕು. ಒಲೆಯ ಇದ್ದಿಲೇ ಲೇಖನಿ. ಸೊಸೆಗೆ ಓದು ಅಷ್ಟಕ್ಕಷ್ಟೇ. ಆದರೆ ಆ ಮೂರು ಮಾತುಗಳನ್ನು ಓದುವುದಕ್ಕೆ ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಹುಣ್ಣು ಮಾಯುವುದಕ್ಕೆ ಮೂರೂವರೆ ತಿಂಗಳು ಹಿಡಿಯಿತು. ಬಲಗೈ ಮತ್ತೆ ಬರಲಿಲ್ಲ. ಮಾತೂ ಬಹುಮಟ್ಟಿಗೆ ಬರಲಿಲ್ಲ. ಆ ಚಳಿಗಾಲದಲ್ಲಿ, ಗಡ್ಡಾ ಯಾತ್ರೆಯ ನಂದಿಧ್ವಜಗಳು ಸೊಲ್ಲಾಪುರದಲ್ಲಿ ಹೊರಡುವ ಸಂಕ್ರಾಂತಿಯ ಆಸುಪಾಸಿನ ಒಂದು ರಾತ್ರಿ, ಸೊಸೆ ನಿದ್ದೆಗಣ್ಣಿನಲ್ಲಿ ಎದ್ದು ಪಟ್ಟಿಯನ್ನು ನೋಡದೆ ಅತ್ತೆಯನ್ನು ಮತ್ತೆ ಎಡಕ್ಕೇ ಹೊರಳಿಸಹೋದಳಂತೆ. ಹಾಸಿಗೆಯಿಂದ ಸ್ವರವೊಂದು ಎದ್ದಿತು. ಮೊದಲು ಅವಳು ಕೂಸು ಎದ್ದಿತೆಂದುಕೊಂಡಳು. ಕೂಸಲ್ಲ. ವೈನಿ ಸೊಟ್ಟ ಬಾಯಿಯನ್ನು ಕಷ್ಟಪಟ್ಟು ಕೂಡಿಸಿಕೊಂಡು, ಗೋಡೆಯ ಕಡೆಗೆ ಎಡಗೈ ಎತ್ತಿ, “ಬೆನ್ನ” ಎನ್ನುತ್ತಿದ್ದಳು.